ಮೊದಲು ಸೊಪ್ಪು, ಕೊನೆಗೆ ಗೊಬ್ಬರ

ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದ, ಕನ್ನಡಕ ಒರೆಸಿದ, ಮತ್ತೆ ಕಣ್ಣಿಟ್ಟ. ಅದು ಅಲ್ಲೇ ಇತ್ತು. ದುಂಡಗೆ, ಕಂದು ಹಳದಿ ಬಣ್ಣದಲ್ಲಿ, ಸುತ್ತ ಒರಟು ಸಿಪ್ಪೆ ಹೊದ್ದುಕೊಂಡು, ನನಗೇನಂತೆ ಎನ್ನುವ ಹಾಗೆ ಕೂತಿತ್ತು. ಜಂತುಹುಳದ ಮೊಟ್ಟೆ. ಗುರುತು ಹಿಡಿಯಲು ಎರಡನೇ ಸಲ ನೋಡಬೇಕಾಗಿಯೇ ಇರಲಿಲ್ಲ. ಶಾಲೆಯ ಗೇಟಿನಲ್ಲಿ ಸ್ವಂತ ಮಗಳನ್ನೂ ಅವನು ಇಷ್ಟು ಬೇಗ ಗುರುತು ಹಿಡಿದವನಲ್ಲ. ಪರೀಕ್ಷಾಲಯದಲ್ಲಿ ಅವನಿಗೆ ಹುಳದಣ್ಣ ಎಂದೇ ಹೆಸರು. ಎದುರಿಗೆ ಸಾರ್ ಅನ್ನುತ್ತಾರೆ, ಬೆನ್ನು ತಿರುಗಿದ ಮೇಲೆ ಹುಳದಣ್ಣ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದು ರೂಢಿಯಾಗಿಬಿಟ್ಟಿದೆ. ಪೇಟೆಯ ಸೊಪ್ಪು, ಅದು ಬೆಳೆದ ಮಣ್ಣು, ಆ ಮಣ್ಣಿಗೆ ಹಾಕಿದ ಗೊಬ್ಬರ, ಇವನ್ನೆಲ್ಲ ನೀರಲ್ಲಿ ಕದಡಿ, ಜರಡಿಯಲ್ಲಿ ಸೋಸಿ, ತಳಕ್ಕಿಳಿದ ಗಸಿಯನ್ನು ಗಾಜಿನ ಮೇಲೆ ಒಂದು ತೊಟ್ಟು ಹಾಕಿ ಹುಳದ ಮೊಟ್ಟೆ ಹುಡುಕುವುದು ಅವನ ಕೆಲಸ. ಸಿಕ್ಕರೆ ಇದೆ ಅಂತ ಬರೆಯುವುದು, ಸಿಗದಿದ್ದರೆ ಇಲ್ಲ ಅಂತ. ಇವತ್ತು ಹಳೆಯ ಟ್ಯೂಬುಗಳನ್ನೆಲ್ಲ ಎಸೆಯುವ ದಿನ. ಎಸೆಯುವ ಮುಂಚೆ ಕೈ ಸುಮ್ಮನಿರಲಾರದೆ ಒಂದರಿಂದ ಒಂದು ತೊಟ್ಟು ತೆಗೆದು ನೋಡಿದ್ದ. ಆ ಟ್ಯೂಬಿನ ಮೇಲೆ ಅವನದೇ ಅಕ್ಷರದಲ್ಲಿ ಬರೆದಿತ್ತು: ಮಾವ.

ಮಾವ ಅಂದರೆ ಹೆಂಡತಿಯ ತಂದೆ. ಊರಂಚಿನಲ್ಲಿ ಮನೆ, ಹಿತ್ತಲಲ್ಲಿ ನಾಲ್ಕು ಮಡಿ ಸೊಪ್ಪು. ಪೇಟೆಯ ಸೊಪ್ಪು ಪರೀಕ್ಷೆಗೆ ಬಂದಾಗಲೆಲ್ಲ ಜೊತೆಗೊಂದು ಚೊಕ್ಕ ಸೊಪ್ಪೂ ಇರಬೇಕು ಅನ್ನುವುದು ನಿಯಮ. ಹುಳ ಇಲ್ಲವೆಂದು ಮೊದಲೇ ಗೊತ್ತಿರುವ ಸೊಪ್ಪು. ಅದರಲ್ಲೂ ಮೊಟ್ಟೆ ಕಂಡಿತೋ, ಪರೀಕ್ಷೆಯಲ್ಲೇ ಎಲ್ಲೋ ಎಡವಟ್ಟಾಗಿದೆ ಅಂತ ಅರ್ಥ. ಮಾವನ ಸೊಪ್ಪಿಗಿಂತ ಚೊಕ್ಕವಾದದ್ದನ್ನು ಎಲ್ಲಿಂದ ತರುವುದು? ವಾರವಾರವೂ ಮನೆಗೆ ಬರುವ ಕಟ್ಟಿನಲ್ಲೇ ಒಂದು ಹಿಡಿ ತಂದುಬಿಡುತ್ತಿದ್ದ. ಎಷ್ಟು ನಂಬಿಕೆಯೆಂದರೆ, ಅದನ್ನು ತೊಳೆಯುತ್ತಿದ್ದ, ಸೋಸುತ್ತಿದ್ದ, ಟ್ಯೂಬಿಗೆ ತುಂಬುತ್ತಿದ್ದ, ನೋಡುತ್ತಿರಲಿಲ್ಲ. ಏನೂ ಇಲ್ಲ ಅಂತ ಬರೆದು ಕೈ ತೊಳೆದುಕೊಳ್ಳುತ್ತಿದ್ದ. ನಮ್ಮ ಮನೆ ಅಡಿಗೆಯನ್ನು ನಾವು ಮೂಸಿ ನೋಡಿ ತಿನ್ನುತ್ತೇವೆಯೇ?

"ಸಾರ್, ಆ ಸ್ಟ್ಯಾಂಡ್ ಎಸೆದುಬಿಡ್ಲಾ?" ಪಕ್ಕದ ಮೇಜಿನ ಸಹಾಯಕಿ ಕೈಗವಸು ಹಾಕಿಕೊಂಡು ಬಂದು ನಿಂತಿದ್ದಳು.

"ಬೇಡ. ಇರ್ಲಿ."

"ಹೋದ ತಿಂಗಳದ್ದಲ್ವಾ ಸಾರ್? ನಾರೋಕೆ ಶುರುವಾಗಿದೆ."

"ಇರ್ಲಿ ಅಂದ್ನಲ್ಲಮ್ಮ!"

ದನಿ ಬೇಕಾದ್ದಕ್ಕಿಂತ ಜೋರಾಯಿತು. ಅವಳು ಹುಬ್ಬೇರಿಸಿ ಹೋದಳು. ಜೋರಾದ ದನಿ ಕಿವಿಯಲ್ಲೇ ನಿಂತುಕೊಂಡಿತು, ಅದರ ಹಿಂದೆಯೇ ಪೇಟೆ ಬಂತು. ಹೋದ ತಿಂಗಳು ಇದೇ ದನಿಯಲ್ಲಿ ಅಲ್ಲಿ ಮಾತಾಡಿದ್ದ. ಅವನಂಥವರನ್ನು ಪೇಟೆಗೆ ಕರೆದುಕೊಂಡು ಹೋಗುವ ಪದ್ಧತಿ ಇಲ್ಲ, ಕಾಗದ ಹೋಗುತ್ತದೆ, ಅಷ್ಟೆ. ಆದರೆ ಅವತ್ತು ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್, ನೀವೂ ಬನ್ನಿ, ಜನ ಗಲಾಟೆ ಮಾಡಿದರೆ ತಿಳಿಸಿ ಹೇಳೋಕೆ ಒಬ್ಬರು ಬೇಕು ಅಂದಿದ್ದ. ಬಾಗಿಲ ಪಕ್ಕದ ಮೊದಲ ಕಟ್ಟೆ ಸೊಪ್ಪಿನಕ್ಕನದು. ಅವಳ ಹೆಸರು ಯಾರಿಗೆ ಗೊತ್ತು, ಪೇಟೆಗೆಲ್ಲ ಅವಳು ಸೊಪ್ಪಿನಕ್ಕ. ಇನ್ಸ್‌ಪೆಕ್ಟರ್ ಅವಳ ಬುಟ್ಟಿಗಳನ್ನು ಕಾಲಲ್ಲಿ ಎಳೆದು, ಹಸಿರು ಕಟ್ಟುಗಳ ಮೇಲೆ ಫಿನಾಯಿಲ್ ಸುರಿಸಿದ. ಬಿಳಿ ನೀರು ಕಾಲಡಿಯಲ್ಲಿ ಹರಿಯಿತು. ಅವಳು ಅಳಲಿಲ್ಲ, ಕೂಗಾಡಲಿಲ್ಲ, ಇನ್ಸ್‌ಪೆಕ್ಟರನ್ನು ಬಿಟ್ಟು ಇವನನ್ನೇ ನೋಡಿ ಕೇಳಿದಳು: "ನನ್ನ ಮೊಮ್ಮಗು ಇದನ್ನೇ ತಿನ್ನೋದು ಅಣ್ಣಾ. ನೀವು ನಿಮ್ಮ ಕಣ್ಣಲ್ಲೇ ನೋಡಿದ್ರಾ?" ಸುತ್ತ ಜನ ಸೇರಿದ್ದರು. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಮನೆಯಲ್ಲಿ ಟೀವಿ ದನಿ ಕಡಿಮೆ ಮಾಡಿ ಅಂದರೆ ಯಾರೂ ಕೇಳಿಸಿಕೊಳ್ಳದ ಮನುಷ್ಯ ಅವನು. ಎದೆಯುಬ್ಬಿಸಿ ಹೇಳಿದ್ದ: "ಈಕೆ ಸೊಪ್ಪಿನಲ್ಲಿ ಹುಳದ ಮೊಟ್ಟೆ ಇದೆ. ನಾನು ಕಣ್ಣಾರೆ ನೋಡಿದೀನಿ. ತಗೊಂಡು ಹೋದವರು ಎಸೆದುಬಿಡಿ!" ಆ ಕಡೆ ಹೂವಿನಂಗಡಿಯವರೆಗೂ ಕೇಳಿಸಿತ್ತು, ಅಲ್ಲಿಂದಲೂ ಜನ ತಿರುಗಿ ನೋಡಿದ್ದರು. ಛೀ, ಎಂಥ ಸುಖವಾಗಿತ್ತು ಆಗ. ಅವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗ ಆ ಮಾತನ್ನೇ ಮತ್ತೆ ಮತ್ತೆ ತನ್ನೊಳಗೆ ಹೇಳಿಕೊಂಡು ಖುಷಿಪಟ್ಟಿದ್ದ. ಕಟ್ಟೆಯನ್ನು ಆ ಸಂಜೆಯೇ ಇನ್ನೊಬ್ಬರಿಗೆ ಕೊಟ್ಟರು.

ಸುಳ್ಳೇನೂ ಹೇಳಿರಲಿಲ್ಲ. ಕಣ್ಣಾರೆ ನೋಡಿದ್ದು ನಿಜ. ಅವಳ ಟ್ಯೂಬಿನಲ್ಲಿ ಮೊಟ್ಟೆಗಳು ರಾಶಿ ಇದ್ದವು. ಆದರೆ ಈಗ ಮಾವನ ಟ್ಯೂಬಿನಲ್ಲೂ ಒಂದು. ಇದಕ್ಕೆ ಎರಡೇ ಅರ್ಥ. ಒಂದು, ಮಾವನ ಹಿತ್ತಲು ಕೆಟ್ಟಿದೆ. ಇಲ್ಲಾ, ಮೊಟ್ಟೆ ಇಲ್ಲಿಂದಲೇ, ಈ ಮೇಜಿನಿಂದ, ಈ ಜರಡಿಯಿಂದ, ಈ ಕೈಯಿಂದ ಹೋಗಿದೆ. ಹಾಗಾದರೆ ಸೊಪ್ಪಿನಕ್ಕನ ಟ್ಯೂಬಿಗೂ ಇಲ್ಲಿಂದಲೇ ಹೋಗಿರಬಹುದು. ಯಾವುದು ಅಂತ ತಿಳಿಯುವುದು ದೊಡ್ಡ ವಿದ್ಯೆಯೇನಲ್ಲ. ಜರಡಿ ಅಲ್ಲೇ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಸೊಪ್ಪು ಪರೀಕ್ಷಿಸಿದ ದಿನ ಮಾಡಿದ್ದನ್ನೇ ಮತ್ತೆ ಮಾಡಿ, ಕೊನೆಗೆ ಸೊಪ್ಪಿನ ಬದಲು ಬರೀ ಕುದಿಸಿ ಆರಿಸಿದ ನೀರು ಹಾಯಿಸಿ ನೋಡಿದರಾಯಿತು. ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ಅವನು ಜರಡಿಯ ಕಡೆ ನೋಡಲಿಲ್ಲ. ಅರ್ಧ ದಿನದ ರಜೆ ಹೇಳಿ, ಚೀಲ ಹೆಗಲಿಗೆ ಹಾಕಿಕೊಂಡು, ಮಾವನ ಊರಂಚಿನ ಬಸ್ಸು ಹತ್ತಿದ.

ಕಿಟಕಿಯ ಪಕ್ಕ ಕೂತ ಮೇಲೆ ತಾನು ಏನನ್ನು ಬೇಡಿಕೊಳ್ಳುತ್ತಿದ್ದೇನೆ ಅಂತ ಅವನಿಗೇ ಹೊಳೆಯಿತು. ಮಾವನ ಹಿತ್ತಲು ಹೊಲಸಾಗಿರಲಿ. ಬೀದಿನಾಯಿ ಒಳಗೆ ನುಗ್ಗಿ ಹೇತಿರಲಿ. ಮುದುಕ ಸೋಮಾರಿಯಾಗಿ ಹಸಿ ಗೊಬ್ಬರವನ್ನೇ ಮಡಿಗೆ ಸುರಿದಿರಲಿ. ಆ ಸೊಪ್ಪನ್ನು ಮಗಳು ತಿಂದಿದ್ದಾಳೆ, ಹೆಂಡತಿ ತಿಂದಿದ್ದಾಳೆ, ತಾನೂ ತಿಂದಿದ್ದೇನೆ. ಆದರೇನಂತೆ, ಒಂದೊಂದು ಮಾತ್ರೆ ನುಂಗಿದರೆ ಹೋಗುತ್ತದೆ. ಹುಳಕ್ಕೆ ಔಷಧ ಇದೆ. ಅಪ್ಪಾ, ನನ್ನ ಮಗಳ ಹೊಟ್ಟೆಯಲ್ಲಿ ಹುಳ ಇರಲಿ ಅಂತ ಬೇಡಿಕೊಳ್ಳುವ ತಂದೆ ಎಲ್ಲಾದರೂ ಉಂಟೇ! ಮುಂದಿನ ಸೀಟಿನ ಹೆಂಗಸು ಮಗುವಿಗೆ ಸಿಪ್ಪೆ ಸುಲಿಯದ ಸೌತೆಕಾಯಿ ತಿನ್ನಿಸುತ್ತಿದ್ದಳು. ತೊಳೆದಿದ್ದೀರಾ ಅಂತ ಕೇಳಬೇಕೆನ್ನಿಸಿತು, ಕೇಳುವ ಅಧಿಕಾರ ತನಗಿದೆಯೇ ಅನ್ನಿಸಿತು. ಮನೆಯಲ್ಲಿ ಅವನು ಟೊಮ್ಯಾಟೊ ತೊಳೆಯುವುದನ್ನು ನೋಡಿ ಹೆಂಡತಿ, ಅದರ ಮೇಲಿನ ಕೆಂಪೂ ಬಿಟ್ಟುಹೋಗುತ್ತೆ ಬಿಡ್ರೀ ಅಂತ ನಗುತ್ತಾಳೆ. ಊರಿಗೆಲ್ಲ ಉಪದೇಶ. ಅಷ್ಟರಲ್ಲಿ ಅವಳದೇ ಫೋನು ಬಂತು.

"ಆಫೀಸಿಗೆ ಮಾಡಿದ್ದೆ, ರಜೆ ಹಾಕಿದಾರೆ ಅಂದ್ರು. ಎಲ್ಲಿದೀರಾ?"

"ನಿಮ್ಮಪ್ಪನ ಮನೆಗೆ ಹೊರಟಿದೀನಿ."

"ಅಪ್ಪನ ಮನೆಗಾ? ನಾನು ಕರೆದಾಗ ನೂರು ನೆವ ಹೇಳ್ತೀರಿ. ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು? ಏನಾಯ್ತು, ಅಪ್ಪಂಗೆ ಹುಷಾರಿಲ್ವಾ?"

"ಹುಷಾರಾಗಿದಾರೆ. ಮಣ್ಣು ಬೇಕಿತ್ತು, ಅಷ್ಟೆ."

"ಮಣ್ಣಂತೆ!" ಅಂದಳು ಅವಳು. ನಕ್ಕಳೋ ಬೈದಳೋ, ಬಸ್ಸಿನ ಸದ್ದಿನಲ್ಲಿ ತಿಳಿಯಲಿಲ್ಲ.

ಮಾವ ಹಿತ್ತಲಲ್ಲೇ ಇದ್ದರು. ಅಳಿಯನನ್ನು ಕಂಡು ಮೊಣಕಾಲು ಹಿಡಿದುಕೊಂಡು ಎದ್ದರು, ಮಣ್ಣಿನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಅಳಿಯ ಬಂದ ಅಂದರೆ ಅವರಿಗೆ ದೊಡ್ಡ ಅಧಿಕಾರಿ ಬಂದ ಹಾಗೆ. ಬನ್ನಿ ಬನ್ನಿ, ನೀರು ಕುಡೀತೀರಾ, ಬಿಸಿಲಲ್ಲಿ ಬಂದ್ರಿ ಅಂತ ಉಪಚಾರ ಮಾಡಿದರು. ಇವನು ಒಳಗೆ ಹೋಗದೆ ಬೇಲಿಯ ಉದ್ದಕ್ಕೂ ನಡೆದ. ತಂತಿಯಲ್ಲಿ ಎಲ್ಲಾದರೂ ನಾಯಿ ನುಸುಳುವಷ್ಟು ಸಂದು ಇದೆಯೇ. ಬೆಕ್ಕಿನ ಹೆಜ್ಜೆ ಇದೆಯೇ. ಬಚ್ಚಲ ನೀರು ಮಡಿಗೆ ಬರುತ್ತಿದೆಯೇ. ಸಂದಿರಲಿಲ್ಲ, ಹೆಜ್ಜೆಯಿರಲಿಲ್ಲ, ಬಚ್ಚಲ ನೀರಿಗೆ ಬೇರೆಯೇ ಕಾಲುವೆ ಇತ್ತು. ಮಾವ ಅವನ ಹಿಂದೆ ಹಿಂದೆ ಬಂದರು.

"ಏನೋ ಕಳ್ಕೊಂಡವರ ಹಾಗೆ ಹುಡುಕ್ತಿದೀರಲ್ಲ ಅಳಿಯಂದ್ರೇ."

"ಏನಿಲ್ಲ ಮಾವ. ಗೊಬ್ಬರ ಏನು ಹಾಕ್ತೀರಿ ಈಗ?"

"ಆ ಕುದುರೆ ಲಾಯದ್ದೇ. ನೀವು ಹೇಳಿದ ಹಾಗೆ."

"ಹಸೀದಾ?" ಕೇಳುವಾಗ ದನಿಯಲ್ಲಿ ಆಸೆ ಇತ್ತು. ಮುದುಕನಿಗೆ ಅದು ಕೇಳಿಸದಿರಲಿ ಅಂದುಕೊಂಡ.

ಮಾವ ಬಿಟ್ಟ ಬಾಯಿ ಬಿಟ್ಟಂತೆ ನೋಡಿದರು. "ಹಸೀದು ಹಾಕೋದುಂಟೇ? ನೀವೇ ಅಲ್ವಾ ಹೇಳಿದ್ದು, ಮದುವೆಯಾದ ಹೊಸದರಲ್ಲಿ? ಗುಡ್ಡೆ ಹಾಕಿ, ಹುಲ್ಲು ಬೆರೆಸಿ, ಮುಚ್ಚಿಡಿ. ಒಳಗೆ ಕೈ ಇಡೋಕಾಗದಷ್ಟು ಕಾವು ಬರಬೇಕು. ತಿರುವಿ ಹಾಕಿ ಮತ್ತೆ ಕಾವು ಬರಿಸಿ, ಆ ಕಾವಿಗೇ ಹುಳದ ಮೊಟ್ಟೆ ಸಾಯೋದು ಅಂತ. ನನ್ನ ಹೆಂಡ್ತಿ ಹೇಳಿದ್ದನ್ನ ಒಂದು ದಿನ ಕೇಳಿದವನಲ್ಲ ನಾನು, ನೀವು ಹೇಳಿದ್ದನ್ನ ಒಂದು ಸಲ ತಪ್ಪಿಸಿಲ್ಲ." ಆಮೇಲೆ ಮೆಲ್ಲಗೆ, ಗುಟ್ಟು ಹೇಳುವವರಂತೆ, "ಈ ಬೀದಿಗೆಲ್ಲ ಗೊತ್ತು, ಅಳಿಯನ ಆಫೀಸಲ್ಲಿ ನಮ್ಮ ಸೊಪ್ಪನ್ನೇ ಮುಂದಿಟ್ಟುಕೊಂಡು ಊರ ಸೊಪ್ಪನ್ನೆಲ್ಲ ಅಳೀತಾರೆ ಅಂತ. ಸುಮ್ಮನೆ ಬೆಳೆಯೋಕಾಗುತ್ತಾ ಆಮೇಲೆ?" ಅಂದರು.

ಗುಡ್ಡೆ ಹಿತ್ತಲ ಮೂಲೆಯಲ್ಲಿ ತಟ್ಟಿನ ಚೀಲ ಹೊದ್ದು ಮಲಗಿತ್ತು. ಮಾವ ಚೀಲ ಸರಿಸಿದರು, ಬಿಸಿ ಹಬೆ ಎದ್ದಿತು. ಅವನು ಅಂಗಿಯ ತೋಳು ಮಡಿಸಿ ಕೈಯನ್ನು ಒಳಗೆ ತೂರಿದ. ಮೊಣಕೈವರೆಗೂ. ತಣ್ಣಗಿರಲಿ, ತಣ್ಣಗಿರಲಿ ಅನ್ನುತ್ತ ತೂರಿದ. ಸುಟ್ಟಿತು. ಕೈ ಹಿಂದಕ್ಕೆ ತೆಗೆಯಬೇಕು, ತೆಗೆಯಲಿಲ್ಲ. ಆ ಕಾವು ತೋಳಿನ ಮೇಲೆ ಹತ್ತಿ ಬರುವಾಗ ಅವನಿಗೆ ಇದ್ದಕ್ಕಿದ್ದಂತೆ ಇನ್ನೊಂದು ಗೊಬ್ಬರದ ವಾಸನೆ ನೆನಪಾಯಿತು. ಹಂದಿ ಸಾಕುವವರು ಕಳಿಸಿದ ಗೊಬ್ಬರ, ಆ ಪರೀಕ್ಷೆಯ ದಿನವೇ ಬಂದದ್ದು, ನಾಲ್ಕು ಕಟ್ಟು ಸೊಪ್ಪಿನ ಜೊತೆಯಲ್ಲೇ. ಮೊದಲು ಸೊಪ್ಪು, ಆಮೇಲೆ ಮಣ್ಣು, ಕೊನೆಗೆ ಗೊಬ್ಬರ. ಕೆಲಸಕ್ಕೆ ಸೇರಿದ ದಿನ ಕಲಿಸುವ ಮೊದಲ ಪಾಠ ಅದು, ಚೊಕ್ಕದ್ದರಿಂದ ಹೊಲಸಿನ ಕಡೆಗೆ. ಯಾಕೆಂದರೆ ಇರುವುದು ಒಂದೇ ಜರಡಿ, ದಿನದ ಕೊನೆಗೆ ಅದನ್ನು ಸೋಪು ಹಾಕಿ ಉಜ್ಜಿ ಕುದಿಸುವುದು. ಸಹಾಯಕಿಗೆ ಅವನೇ ಅದನ್ನು ಹಾಡಿನ ಹಾಗೆ ಬಾಯಿಪಾಠ ಮಾಡಿಸಿದ್ದ. ಅವತ್ತು ಮೇಲಿನವರು ಯಾರೋ ಪರೀಕ್ಷಾಲಯ ನೋಡಲು ಬರುವವರಿದ್ದರು. ಪರೀಕ್ಷಾಲಯದ ಸಾಹೇಬರು ಮೂಗು ಹಿಡಿದುಕೊಂಡು ಬಂದು, ಏನ್ರೀ ಇದು ನಾತ, ಅವರು ಬರೋ ಹೊತ್ತಿಗೆ ಇದು ಇಲ್ಲಿರಬಾರದು ಅಂದಿದ್ದರು. ಆಗಲಿ ಸಾರ್ ಅಂದಿದ್ದ ಇವನು. ಆಗಲಿ ಸಾರ್ ಅಂದವನೇ ಗೊಬ್ಬರವನ್ನು ಮೊದಲು ಸೋಸಿ ಮುಗಿಸಿದ್ದ. ಜರಡಿಯನ್ನು ನಲ್ಲಿಯ ಕೆಳಗೆ ಹಿಡಿದು ಕೊಡವಿದ್ದ. ಆಮೇಲೆ ಸೊಪ್ಪು. ಮೊದಲನೆಯ ಕಟ್ಟು ಸೊಪ್ಪಿನಕ್ಕನದು, ಯಾಕೆಂದರೆ ಪೇಟೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಬಂದು ಕೂತವಳು ಅವಳೇ, ಸೊಪ್ಪು ತರಲು ಹೋದವನು ಮೊದಲು ಅವಳ ಹತ್ತಿರವೇ ನಿಂತಿದ್ದ. ಜರಡಿಗೆ ಅಂಟಿದ್ದೆಲ್ಲ ಅವಳ ಪಾಲಿಗೆ ಹೋಯಿತು. ಆಮೇಲಿನವರ ಪಾಲಿಗೆ ಏನೂ ಇಲ್ಲ ಅನ್ನುವಷ್ಟು. ಎಲ್ಲರಿಗಿಂತ ಕೊನೆಗೆ ಮಾವ, ಒಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ಅಯ್ಯೋ, ಕೈ ತೆಗೀರಿ ಅಳಿಯಂದ್ರೇ, ಬೆಂದುಹೋಗುತ್ತೆ!" ಮಾವ ಅವನ ಹೆಗಲು ಹಿಡಿದು ಎಳೆದರು. ಕೈ ಕೆಂಪಗಾಗಿತ್ತು. ಅವರು ಚೊಂಬಿನಲ್ಲಿ ನೀರು ತಂದು ಮಗುವಿಗೆ ಹಾಕುವ ಹಾಗೆ ಅವನ ಕೈ ಮೇಲೆ ಸುರಿದರು. "ನಮ್ಮ ಸೊಪ್ಪಲ್ಲಿ ಏನಾದ್ರೂ ಸಿಕ್ತಾ?" ಅಂತ ನೀರು ಸುರಿಯುತ್ತಲೇ ಕೇಳಿದರು, ತಲೆಯೆತ್ತದೆ. ಪಾಪ, ಅಷ್ಟು ಹೊತ್ತೂ ಅದನ್ನೇ ಒಳಗಿಟ್ಟುಕೊಂಡು ಹಿಂದೆ ಹಿಂದೆ ಬಂದಿದ್ದರು.

"ಇಲ್ಲ ಮಾವ. ನಿಮ್ಮ ಸೊಪ್ಪು ಚೊಕ್ಕ ಇದೆ," ಅಂದ. ಇಡೀ ದಿನದಲ್ಲಿ ಅವನ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು, ಅದನ್ನು ಹೇಳುವಾಗ ಅಳು ಬಂದಂತಾಯಿತು.

ಪರೀಕ್ಷಾಲಯಕ್ಕೆ ವಾಪಸು ಬಂದಾಗ ಊಟದ ಹೊತ್ತು ಮುಗಿದಿತ್ತು. ಹೋದ ತಿಂಗಳಿಂದ ಉಳಿದಿದ್ದ ಹಂದಿ ಗೊಬ್ಬರದ ಡಬ್ಬಿ ತೆಗೆದು, ಕದಡಿ, ಜರಡಿಗೆ ಸುರಿದ. ನಲ್ಲಿ ತಿರುಗಿಸಿ ಜರಡಿ ಹಿಡಿದ. ನೀರು ಜಾಲರಿಯ ಮೇಲೆ ಬಿದ್ದು ಚೆದುರಿತು. ಇನ್ನೂ ಸ್ವಲ್ಪ, ಆ ಅಂಚಿಗೆ, ಇನ್ನೂ ಸ್ವಲ್ಪ. ಉಗುರಿನಿಂದ ಬೆಸುಗೆಯ ಸಂದು ಕೆರೆಯುತ್ತಿದ್ದಾಗ ತಾನೇನು ಮಾಡುತ್ತಿದ್ದೇನೆ ಅಂತ ಗೊತ್ತಾಯಿತು. ಅವತ್ತು ಇಷ್ಟು ಹೊತ್ತು ಹಿಡಿದಿರಲಿಲ್ಲ. ಅವತ್ತು ಹೊರಗೆ ಕಾರು ಬಂದ ಸದ್ದಾಗಿತ್ತು, ಎರಡು ಸಲ ಕೊಡವಿ ತೆಗೆದಿದ್ದ. ಈಗ ಬೇರೆ ಯಾರೂ ನೋಡುತ್ತಿರಲಿಲ್ಲ, ಸಹಾಯಕಿ ಕಿಟಕಿಯ ಹತ್ತಿರ ತಲೆ ಬಾಚಿಕೊಳ್ಳುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಇನ್ನೂ ಒಂದು ನಿಮಿಷ ತೊಳೆದಿದ್ದರೆ ಜರಡಿ ಚೊಕ್ಕವಾಗಿ ತಪ್ಪು ಮುಚ್ಚಿಹೋಗುತ್ತಿತ್ತೋ ಏನೋ. ಹೇಸಿಗೆಯಾಯಿತು ತನ್ನ ಮೇಲೆ. ಗೊಬ್ಬರವನ್ನು ಮತ್ತೆ ಮೊದಲಿನಿಂದ ಸುರಿದ, ಎರಡು ಸಲ ಕೊಡವಿದ, ಕುದಿಸಿ ಆರಿಸಿದ ನೀರನ್ನು ಅದರಲ್ಲಿ ಹಾಯಿಸಿ ಟ್ಯೂಬಿಗೆ ತುಂಬಿದ. ಗಸಿ ಇಳಿಯುವವರೆಗೆ ಕುರ್ಚಿಯಲ್ಲಿ ಕೂತಿದ್ದ. ಕಾಫಿ ಬಂತು, ಕುಡಿಯಲಿಲ್ಲ, ಕೆನೆಗಟ್ಟಿತು. ಆಮೇಲೆ ನೋಡಿದ. ಬರೀ ನೀರಿನಲ್ಲಿ, ಎಲೆಯೂ ಇಲ್ಲ, ಮಣ್ಣೂ ಇಲ್ಲ, ದುಂಡಗೆ ಕಂದಗೆ ಒಂದು, ಅದರ ಪಕ್ಕ ಇನ್ನೊಂದು, ಗಾಜು ಸರಿಸಿದಂತೆಲ್ಲ ಮತ್ತಷ್ಟು.

ಸಾಹೇಬರು ಕೇಳಿಸಿಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಮತ್ತೆ ಹಾಕಿಕೊಂಡರು.

"ಹಾಗಂತ ಆ ಹೆಂಗಸಿನ ಸೊಪ್ಪು ಚೊಕ್ಕ ಅಂತಲೂ ಆಗ್ಲಿಲ್ವಲ್ಲ?"

"ಆಗ್ಲಿಲ್ಲ ಸಾರ್. ಹೊಲಸು ಅಂತಲೂ ಆಗ್ಲಿಲ್ಲ."

"ಮತ್ತೆ? ಹೊಸ ಜರಡಿ ತರಿಸೋಣ. ಮುಂದಿನ ತಿಂಗಳು ಇನ್ನೊಂದು ಸಲ ಪರೀಕ್ಷೆ ಮಾಡಿ, ಸರಿ ಇದೆ ಅಂತ ಒಂದು ಕಾಗದ ಕಳಿಸೋಣ. ಸದ್ದಿಲ್ಲದೆ ಮುಗಿಯುತ್ತೆ. ಸತ್ತ ಹಾವನ್ನ ಯಾಕ್ರೀ ಬಡೀತೀರಿ?" ಅವರು ಕೆಟ್ಟವರಲ್ಲ, ಮಗಳ ಮದುವೆಗೆ ಕರೆದು ಪಕ್ಕದಲ್ಲೇ ಕೂರಿಸಿಕೊಂಡು ಊಟ ಹಾಕಿದವರು. ಅವರು ಹೇಳಿದ್ದು ಅವನ ಹೊಟ್ಟೆಯೊಳಗೆ ತಣ್ಣಗೆ ಇಳಿಯಿತು, ಬಾಯಾರಿದವನಿಗೆ ನೀರು ಇಳಿದ ಹಾಗೆ. ಸೊಪ್ಪು ಚೊಕ್ಕ ಅಂತಲೂ ಆಗಲಿಲ್ಲ. ಎಷ್ಟು ನಿಜವಾದ ಮಾತು, ಎಷ್ಟು ಹಿತವಾದ ಮಾತು. ಆಗಲಿ ಸಾರ್ ಅಂದು ಹೊರಗೆ ಬಂದ. ಮೆಟ್ಟಿಲಿಳಿಯುವಾಗ ಆ ಎರಡು ಪದ ಮತ್ತೆ ಕೇಳಿಸಿತು, ಆಗಲಿ ಸಾರ್. ಅವತ್ತೂ ಇದೇ ಅಂದಿದ್ದೆ. ಕಾಲು ಬಸ್ ನಿಲ್ದಾಣಕ್ಕೆ ಹೋಗಲಿಲ್ಲ, ಪೇಟೆಯ ಕಡೆ ತಿರುಗಿತು.

ಸೊಪ್ಪಿನಕ್ಕ ಈಗ ಪೇಟೆಯ ಒಳಗಿರಲಿಲ್ಲ. ಹೊರಗೋಡೆಯ ಪಕ್ಕ, ಸೈಕಲ್ ನಿಲ್ಲಿಸುವ ಜಾಗದಲ್ಲಿ, ತನ್ನ ಹಳೆಯ ಕಟ್ಟೆಯ ಮರದ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ಮುಂದೆ ಗೋಣಿಚೀಲದ ಮೇಲೆ ಪಿನ್ನು, ಬಾಚಣಿಗೆ, ಬಣ್ಣದ ರಿಬ್ಬನ್ನು. ಸೊಪ್ಪಿನಕ್ಕ ಅಂತ ಜನ ಇನ್ನೂ ಕರೆಯುತ್ತಿದ್ದರೋ ಇಲ್ಲವೋ. ಸಂಜೆಯ ಗಿರಾಕಿಗಳು ಅವಳನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದರು. ಅವನು ಎರಡು ಸಲ ಅತ್ತ ಇತ್ತ ನಡೆದ. ಮೂರನೇ ಸಲ ಅವಳೇ ತಲೆಯೆತ್ತಿದಳು.

"ಏನ್ ಬೇಕಣ್ಣಾ? ಮಗಳಿಗೆ ರಿಬ್ಬನ್ನಾ?" ಆಮೇಲೆ ಗುರುತು ಸಿಕ್ಕಿತು, ಮುಖ ಗಟ್ಟಿಯಾಯಿತು. "ಇದರಲ್ಲೂ ಹುಳ ಇದೆಯಾ ನೋಡೋಕೆ ಬಂದ್ರಾ?"

ಅವನು ಮೊಣಕಾಲೂರಿ ಕೂತ. ಪಕ್ಕದಲ್ಲಿ ಸೈಕಲ್ ಕಾಯುವವನಿದ್ದ, ಅವನಿಗೆ ಕೇಳಿಸದ ಹಾಗೆ ಮುಂದಕ್ಕೆ ಬಾಗಿದ. "ಅಕ್ಕಾ, ತಪ್ಪಾಗಿದೆ. ಅವತ್ತು ನಾನು ನೋಡಿದ ಮೊಟ್ಟೆ ನಿಮ್ಮ ಸೊಪ್ಪಿನದು ಅಂತ ಹೇಳೋ ಹಾಗಿರಲಿಲ್ಲ. ನಮ್ಮ ಜರಡಿಯಲ್ಲಿ ಗೊಬ್ಬರದ್ದು ಉಳಿದಿತ್ತು. ಅದನ್ನ ನಾನು ಸರಿಯಾಗಿ ತೊಳೆದಿರಲಿಲ್ಲ. ನಂದೇ ತಪ್ಪು."

ಅವಳು ರಿಬ್ಬನ್ನಿನ ಸಿಕ್ಕು ಬಿಡಿಸುತ್ತಲೇ ಇದ್ದಳು. ಬೈಯಲಿ ಅಂತ ಕಾದ. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿದ್ದು ಕಂಡಿತು, ಅದನ್ನು ಅವಳು ಸೆರಗಿನ ತುದಿಯಿಂದ ಒತ್ತಿ, ಒಂದು ಸಲ ಮೂಗು ಏರಿಸಿದಳು.

"ಸೊಸೆ ಮಗೂನ ಕರ್ಕೊಂಡು ತೌರಿಗೆ ಹೋದ್ಲು," ಅಂದಳು. "ಹುಳದ ಸೊಪ್ಪು ತಿನ್ನಿಸೋ ಮುದುಕಿ ಹತ್ರ ಮಗು ಬಿಡಲ್ಲ ಅಂತ. ತಿಂಗಳಾಯ್ತು." ಸಿಕ್ಕು ಬಿಡಿಸುವುದನ್ನು ನಿಲ್ಲಿಸಿದಳು. "ಅವತ್ತು ಇಷ್ಟು ಮೆಲ್ಲಗೆ ಹೇಳ್ಲಿಲ್ವಲ್ಲ ಅಣ್ಣಾ ನೀವು."

"ಕಾಗದ ಬರೆಸ್ತೀನಿ ಅಕ್ಕಾ. ನಮ್ಮ ಸಾಹೇಬರೇ..."

"ಕಾಗದ ಯಾರು ಓದ್ತಾರೆ? ಅವತ್ತು ಕಾಗದದಲ್ಲಿ ಹೇಳಿದ್ರಾ?" ಅವಳು ಎದ್ದು ನಿಂತಳು. ಕೂತಿದ್ದ ಪೆಟ್ಟಿಗೆಯನ್ನು ಕಾಲಿನಿಂದ ನೂಕಿ ನೂಕಿ ಪೇಟೆಯ ಬಾಗಿಲಿಗೆ ತಂದಳು, ಅವಳ ಹಳೆಯ ಕಟ್ಟೆಯ ಎದುರಿಗೆ. ಅವನು ಚೀಲ ಅವುಚಿಕೊಂಡು ಹಿಂದೆ ಬಂದ. ಪೆಟ್ಟಿಗೆಯ ಹಲಗೆಯಲ್ಲಿ ಫಿನಾಯಿಲ್ ವಾಸನೆ ಇನ್ನೂ ಇತ್ತು. "ಇದರ ಮೇಲೆ ನಿಂತ್ಕೊಳ್ಳಿ," ಅಂದಳು.

ಹತ್ತಿದ. ಹಲಗೆ ಕಿರುಗುಟ್ಟಿತು. ಒಳಗೆ ಗಿಜಿಗಿಜಿ ಜನ, ಚೌಕಾಸಿ, ತಕ್ಕಡಿಯ ಸದ್ದು, ಯಾರೂ ಅವನ ಕಡೆ ನೋಡುತ್ತಿರಲಿಲ್ಲ. "ಈಕೆ... ಈ ಅಕ್ಕನ ಸೊಪ್ಪಿನ ಬಗ್ಗೆ ನಾನು ಅವತ್ತು ಹೇಳಿದ್ದು ತಪ್ಪು," ಅಂದ. ದನಿ ಸೀಳಿಕೊಂಡು ಬಂತು. ಹತ್ತಿರದ ಒಬ್ಬ ಗಿರಾಕಿ ತಿರುಗಿ ನೋಡಿ, ಯಾರೋ ತಲೆಕೆಟ್ಟವನು ಅಂದುಕೊಂಡು, ಮತ್ತೆ ಬದನೆಕಾಯಿ ಆರಿಸತೊಡಗಿದ. ಬೆಂದ ಕೈ ಉರಿಯುತ್ತಿತ್ತು. ಅವನು ಕೆಳಗೆ ನಿಂತವಳನ್ನು ನೋಡಿದ, ಸಾಕೇ ಎನ್ನುವಂತೆ.

ಅವಳು ಸೊಂಟಕ್ಕೆ ಕೈ ಇಟ್ಟುಕೊಂಡು ಆ ತುದಿಯ ಹೂವಿನಂಗಡಿಯ ಕಡೆ ನೋಡುತ್ತಿದ್ದಳು.

"ಅಲ್ಲಿ ತನಕ ಕೇಳಿಸ್ಲಿಲ್ಲ," ಅಂದಳು. "ಇನ್ನೊಂದ್ ಸಲ."